ತರುಲತಾ ಕೊಟ್ಟ ನೀರು

ಮುಂಡಗೋಡ
೧೨ ನವೆಂಬರ್ ೨೦೨೫, ಬುಧವಾರ

ಸುಮಿತಾಳ ಅಪ್ಪನವರಿಗೆ,

ಗೋದುಬಾಯಿಯ ನಮಸ್ಕಾರ. ಬರೀ ನಮಸ್ಕಾರ. ಮೊದಲೆಲ್ಲ ತವರಿನಿಂದ ನಿಮಗೆ ಕಾಗದ ಬರೆಸುವಾಗ ಸಾಷ್ಟಾಂಗ ಎಂದು ಸೇರಿಸುತ್ತಿದ್ದೆ. ಈಗ ಅಷ್ಟು ಉದ್ದಕ್ಕೆ ಬೀಳಲು ಬೆನ್ನು ಒಪ್ಪುವುದಿಲ್ಲ, ಮನಸ್ಸು ಅದಕ್ಕಿಂತ ಮೊದಲೇ ಒಪ್ಪುವುದಿಲ್ಲ.

ನಿಮ್ಮ ಚೀಟಿಯನ್ನು ನನ್ನ ಗೆಳತಿ ಶಹನಾಜಳ ಗಂಡ ತಾರಿಕ ಹೋದ ಗುರುವಾರ ತಂದುಕೊಟ್ಟ. ಓದಿಸಿ ಕೇಳಿದೆ, ಎರಡು ಸಲ. ಸಿಟ್ಟು ಇಳಿಯಲೆಂದು ಇಷ್ಟು ದಿನ ಕಾದೆ. ಇಳಿಯಲಿಲ್ಲ. ಉತ್ತರವನ್ನೂ ತಾರಿಕನ ಟೆಂಪೊದಲ್ಲೇ ಕಳಿಸುತ್ತಿದ್ದೇನೆ. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ಯಾರಿಗೂ ಬರುವುದಿಲ್ಲ. ಮೂವತ್ತೈದು ವರ್ಷ ಗಿರಣಿಯಲ್ಲಿ ಕಾಗದ ಮಾಡಿದವರು ನೀವು, ಅದಕ್ಕೆ ಇಂಥದೊಂದು ಗುಣ ಇದೆಯೆಂದು ನಿಮಗೆ ಹೊಳೆದಿರಲಿಕ್ಕಿಲ್ಲ.

ಸುಮಿತಾ ಹಳಿಯಾಳದ ಗಂಡನ ಮನೆ ಬಿಟ್ಟು ಹದಿನೆಂಟು ದಿನವಾಯಿತು, ಎಲ್ಲಿದ್ದಾಳೋ ತಿಳಿಯದು, ನಿನ್ನ ಹತ್ತಿರ ಬಂದಿದ್ದರೆ ಬುದ್ಧಿ ಹೇಳಿ ಕಳಿಸು ಎಂದು ಬರೆದಿದ್ದೀರಿ. ಬರುವ ಭಾನುವಾರ ಅಳಿಯ ಶರಣಬಸವನ ಮನೆಯಲ್ಲಿ ಹಿರಿಯರು ಕೂಡುತ್ತಾರೆ, ಮಗಳು ತಪ್ಪೊಪ್ಪಿಕೊಂಡು ತಿರುಗಿ ಬರುತ್ತಾಳೆಂದು ನೀವು ಅವರಿಗೆ ಮಾತು ಕೊಟ್ಟುಬಿಟ್ಟಿದ್ದೀರಿ. ಅವಳನ್ನು ಕೇಳದೆಯೇ ಕೊಟ್ಟಿದ್ದೀರಿ. ಕೊನೆಯಲ್ಲಿ, ‘ಆಕಿಗೆ ಆ ತರುಲತಾನ ಕತಿ ನೆನಪ ಮಾಡಿಕೊಡು, ಸಣ್ಣಾಕಿದ್ದಾಗಿಂದ ಕೇಳ್ಯಾಳ, ತಿಳಕೊಂತಾಳ’ ಎಂದು ಬೇರೆ ಬರೆದಿದ್ದೀರಿ.

ಸುಮಿತಾ ಎಲ್ಲಿದ್ದಾಳೆಂದು ನಾನು ಹೇಳುವುದಿಲ್ಲ. ಕ್ಷೇಮವಾಗಿದ್ದಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ. ಇದಕ್ಕಿಂತ ಹೆಚ್ಚಿಗೆ ಈ ಕಾಗದದಿಂದ ನಿಮಗೆ ಏನೂ ಸಿಗುವುದಿಲ್ಲ.

ಅವಳು ಯಾಕೆ ಮನೆ ಬಿಟ್ಟಳೆಂದು ನಿಮ್ಮ ಚೀಟಿಯಲ್ಲಿ ಒಂದು ಮಾತೂ ಇಲ್ಲ. ಅದಕ್ಕೇ ನಾನು ಬರೆಸುತ್ತೇನೆ, ಓದಿರಿ. ಎಂಟು ವರ್ಷದಿಂದ ಅವಳು ಹಳಿಯಾಳದ ಒಂದು ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಮದುವೆಗಿಂತ ಮುಂಚಿನ ಕೆಲಸ ಅದು. ಒಂದು ದಿನ ಬೆಳಿಗ್ಗೆ ಹೋದರೆ ಅವಳ ಜಾಗದಲ್ಲಿ ಬೇರೊಬ್ಬಳು ಕೂತಿದ್ದಳು. ಕೆಲಸ ಬಿಡುತ್ತೇನೆಂದು ಸುಮಿತಾಳ ಹೆಸರಿನಲ್ಲಿ ಅರ್ಜಿ ಬರೆದು, ಅವಳ ಸಹಿಯನ್ನೂ ತಾನೇ ಮಾಡಿ, ಶರಣಬಸವ ಹಿಂದಿನ ದಿನವೇ ಕೊಟ್ಟು ಬಂದಿದ್ದ. ಯಾಕೆಂದು ಕೇಳಿದ್ದಕ್ಕೆ, ‘ನಿನಗ ಹೇಳಿದ್ರ ನೀ ಒಪ್ತಿದ್ದಿಲ್ಲ, ಅದಕ್ಕ ನಾನ ಬರದ ಕೊಟ್ಟೆ’ ಎಂದನಂತೆ. ಮತ್ತೆ ಕೇಳಿದ್ದಕ್ಕೆ ತನ್ನ ತಾಯಿಯ ಎದುರಿನಲ್ಲೇ ಕೆನ್ನೆಗೆ ಹೊಡೆದ. ಈಗ ಹೇಳಿರಿ, ಭಾನುವಾರ ಅವಳು ಒಪ್ಪಿಕೊಳ್ಳಬೇಕಾದ ತಪ್ಪು ಯಾವುದು?

ಇನ್ನು ತರುಲತಾ.

ನಲವತ್ತು ವರ್ಷದ ಹಿಂದಿನ ಮಾತು, ಆದರೂ ಆ ವಾರ ನನಗೆ ಸ್ಪಷ್ಟವಾಗಿ ನೆನಪಿದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಅನ್ನ ತಳ ಹಿಡಿಯಿತೆಂದು ನೀವು ಕೈ ಮಾಡಿದ್ದಿರಿ, ನಾನು ತವರಿಗೆ, ಈ ಮುಂಡಗೋಡದ ಪಕ್ಕದ ಇಂದೂರಿಗೆ ಹೋಗಿ ಮೂರು ತಿಂಗಳು ಕೂತಿದ್ದೆ. ನೀವು ಕರೆಯಲು ಬಂದಿರಿ. ನಾನು ಒಂದು ವಾರದ ಮಟ್ಟಿಗೆ ಮಾತ್ರ ಬರುತ್ತೇನೆ, ಮನಸ್ಸು ಒಪ್ಪದಿದ್ದರೆ ಮುಂದಿನ ಸೋಮವಾರ ಅಣ್ಣ ದುರ್ಗಪ್ಪ ಬಂದು ಕರೆದುಕೊಂಡು ಹೋಗಲಿ ಎಂದೆ. ಎಲ್ಲರೂ ಒಪ್ಪಿದರು. ದಾಂಡೇಲಿಯ ನಿಮ್ಮ ಮನೆಗೆ ಬಂದು ನಾಲ್ಕು ದಿನ ನಾನು ಟ್ರಂಕಿನಿಂದ ಸೀರೆ ತೆಗೆದಿಡಲಿಲ್ಲ. ನೀವು ಅದನ್ನು ನೋಡಿದಿರಿ.

ಶನಿವಾರ ಟೂರಿಂಗ್ ಟಾಕೀಸಿಗೆ ಹೋಗೋಣ ಎಂದಿರಿ. ಡೇರೆಯ ಒಳಗೆ ನೆಲದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಬಟ್ಟೆ. ಜೋಡಿಯಾಗಿ ಕೂರಬೇಕೆಂದರೆ ಹಿಂದಿನ ಕುರ್ಚಿಯ ಟಿಕೆಟ್ಟೇ ಆಗಬೇಕು. ನೀವು ಕುರ್ಚಿಯ ಟಿಕೆಟ್ಟು ತೆಗೆಸಿದಿರಿ. ಗಿರಣಿಯ ನಮ್ಮ ಲೈನಿನ ಮನೆಯವರೆಲ್ಲ ತಿರುಗಿ ನೋಡಿದರು, ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಸಿನಿಮಾ ಹಿಂದಿಯದು, ಅದೂ ಬಹಳ ಹಳೆಯದು, ಟಾಕಿ ಬಂದ ಹೊಸದರಲ್ಲಿ ತೆಗೆದದ್ದಂತೆ. ಪರದೆಯ ತುಂಬ ಗೆರೆ, ಹಾಡಿನ ನಡುವೆ ಗೊರಗೊರ. ಡೇರೆಯವನಿಗೆ ಅಂಥ ಹಳೆಯ ರೀಲುಗಳೇ ಸಿಗುತ್ತಿದ್ದವು. ನನಗೆ ಆಗ ಹಿಂದಿ ಒಂದಕ್ಷರ ಬಾರದು. ನಿಮಗೆ ಗಿರಣಿಯಲ್ಲಿ ಉತ್ತರದ ಕಡೆಯವರ ಜೊತೆ ಪಾಳಿ ಮಾಡಿ ಮಾಡಿ ಚೆನ್ನಾಗಿ ಬರುತ್ತಿತ್ತು. ನೀವು ನನ್ನ ಕಿವಿಯ ಹತ್ತಿರ ಬಾಗಿ ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುತ್ತ ಹೋದಿರಿ. ಎರಡೂವರೆ ತಾಸು. ಮದುವೆಯಾದ ಮೇಲೆ ನೀವು ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು, ಅದೇ ಕೊನೆ. ನಿಮ್ಮ ಉಸಿರಿನಲ್ಲಿ ಏಲಕ್ಕಿಯ ವಾಸನೆ ಇತ್ತು. ಈ ಮನುಷ್ಯ ಒಳ್ಳೆಯವನು, ನಾನೇ ಅವಸರಪಟ್ಟೆ ಎಂದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಆ ರಾತ್ರಿ ನನಗೆ ಬಹಳ ಸುಖವಾಗಿತ್ತು.

ಆ ಸಿನಿಮಾದ ತರುಲತಾ ದೊಡ್ಡ ಮನೆಯ ಸೊಸೆ. ಗಂಡ ಸುಮ್ಮಸುಮ್ಮನೆ ಸಂಶಯಪಟ್ಟು ಹೊರಗೆ ಹಾಕುತ್ತಾನೆ. ಅವಳು ನದಿಯ ದಂಡೆಯ ಒಂದು ಊರಿಗೆ ಹೋಗಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಾಳೆ. ಕೊನೆಗೆ ಗಂಡನಿಗೆ ನಿಜ ತಿಳಿದು, ಕುದುರೆಗಾಡಿಯಲ್ಲಿ ಹುಡುಕಿಕೊಂಡು ಬರುತ್ತಾನೆ. ಅವಳು ಒಳಗಿನಿಂದ ತಂಬಿಗೆಯಲ್ಲಿ ನೀರು ತಂದುಕೊಟ್ಟು ಏನೋ ಹೇಳುತ್ತಾಳೆ. ನಾನು ಏನೆಂದು ಕೇಳಿದೆ. ನೀವು ಹೇಳಿದ್ದು ಇಷ್ಟು, ನನಗೆ ಶಬ್ದಕ್ಕೆ ಶಬ್ದ ನೆನಪಿದೆ: ‘ನೋಡಿಲ್ಲೆ, ಕಾಲ ತೊಳಿಯಾಕ ನೀರ ಕೊಟ್ಟಳು. ತಪ್ಪ ನಂದ ಐತಿ, ನಿಮ್ಮ ಮನಿ ಬಿಟ್ಟ ನನಗ ಬ್ಯಾರೆ ಜಾಗಾ ಇಲ್ಲ ಅಂತಾಳ.’ ಗಂಡ ಮನೆಗೆ ಬಂದಾಗ ಹೆಂಡತಿ ಕಾಲಿಗೆ ನೀರು ಕೊಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದವಳು, ನಂಬದೆ ಏನು ಮಾಡಲಿ? ಅಷ್ಟರಲ್ಲಿ ನೀವು ಎದ್ದಿರಿ. ‘ಹೋಗೂಣು ನಡಿ, ಆಮ್ಯಾಲೆ ನೂಕಾಟ ಆಕ್ಕೈತಿ. ಮುಂದಿಂದೇನಿಲ್ಲ, ಕೂಡಿ ಬಾಳ್ವೆ ಮಾಡ್ತಾರ’ ಎಂದಿರಿ. ಜನ ಇನ್ನೂ ಕೂತಿದ್ದರು. ನಾನು ನಿಮ್ಮ ಹಿಂದೆ ಹೊರಟೆ.

ಮನೆಗೆ ಬಂದು ಟ್ರಂಕಿನಿಂದ ಸೀರೆ ತೆಗೆದು ಗೂಟಕ್ಕೆ ಹಾಕಿದೆ. ಸೋಮವಾರ ಬಂದ ದುರ್ಗಪ್ಪಣ್ಣನಿಗೆ, ‘ನೀ ಹೋಗಣ್ಣಾ, ನಾ ಇಲ್ಲೇ ಇರತೇನಿ’ ಎಂದೆ. ಅಣ್ಣ ಒಂದು ಕಪ್ಪು ಚಹಾ ಕುಡಿದು ಬಸ್ಸು ಹಿಡಿದ. ಇಪ್ಪತ್ತೊಂಬತ್ತು ವರ್ಷ ನಿಮ್ಮ ಮನೆಯಲ್ಲಿ ಇದ್ದೆ.

ಈಗ ಹೋದ ಶುಕ್ರವಾರಕ್ಕೆ ಬರುತ್ತೇನೆ. ನಿಮ್ಮ ಚೀಟಿಯಲ್ಲಿ ತರುಲತಾಳ ಹೆಸರು ಬಂದದ್ದರಿಂದ ಅವಳನ್ನು ಇನ್ನೊಮ್ಮೆ ನೋಡಬೇಕು ಅನ್ನಿಸಿತು. ಶಹನಾಜಳ ಮಗಳು ಜೋಯಾ ಧಾರವಾಡದಲ್ಲಿ ಹಿಂದಿ ಎಂ.ಎ. ಓದುತ್ತಾಳೆ, ರಜೆಗೆ ಬಂದಿದ್ದಾಳೆ. ಹೆಸರು ಹೇಳಿದ ಕೂಡಲೇ, ‘ಅಜ್ಜೀ, ಅದು ಕಾದಂಬರಿ ಮ್ಯಾಲೆ ಮಾಡಿದ ಸಿನಿಮಾ, ನಾನು ಆ ಪುಸ್ತಕ ಓದೇನಿ’ ಎಂದಳು. ಹುಡುಕಿದರೆ ಫೋನಿನಲ್ಲೇ ಸಿಕ್ಕಿತು. ಶುಕ್ರವಾರ ಮಧ್ಯಾಹ್ನ ತಾರಿಕ ನಮಾಜಿಗೆ ಹೋದಾಗ ಶಹನಾಜ ತನ್ನ ಹೊಲಿಗೆ ಅಂಗಡಿಯ ಬಾಗಿಲು ಅರ್ಧ ಎಳೆದಳು. ಫೋನನ್ನು ಹೊಲಿಗೆ ಯಂತ್ರಕ್ಕೆ ಒರಗಿಸಿ ನೋಡಿದೆವು.

ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನನಗೆ ಈಗ ಹಿಂದಿ ಬರುತ್ತದೆ. ಹನ್ನೊಂದು ವರ್ಷದಿಂದ ಟಿಬೆಟನ್ ಕಾಲೊನಿಯ ದಾರಿಯಲ್ಲಿ ಸೊಪ್ಪು, ಮೆಣಸಿನಕಾಯಿ, ಮೂಲಂಗಿ ಮಾರುತ್ತಿದ್ದೇನೆ. ಅಲ್ಲಿಯ ಮುದುಕಿಯರಿಗೆ ಕನ್ನಡ ಅಷ್ಟಕ್ಕಷ್ಟೆ, ನನಗೆ ಅವರ ಮಾತು ಬಾರದು. ನಡುವೆ ಹಿಂದಿಯಲ್ಲಿ ಚೌಕಾಶಿ ಮಾಡುತ್ತೇವೆ, ಹಿಂದಿಯಲ್ಲೇ ಮೊಣಕಾಲು ನೋವು ಹೇಳಿಕೊಳ್ಳುತ್ತೇವೆ. ನನಗೆ ಅದನ್ನು ಯಾರೂ ಕಿವಿಯಲ್ಲಿ ಹೇಳಿಕೊಡಲಿಲ್ಲ.

ಅದೇ ಶಾಲೆ, ಅದೇ ಕುದುರೆಗಾಡಿ. ತರುಲತಾ ತಂಬಿಗೆ ಹಿಡಿದು ಹೊರಗೆ ಬಂದಳು. ಗಂಡನ ಕಾಲಿಗಲ್ಲ, ಕೈಗೆ ಕೊಟ್ಟಳು. ಕೊಟ್ಟು ಹೇಳಿದಳು: ‘ಇಸ್ ಘರ್ ಮೇ ಮೆಹಮಾನ್ ಕೋ ಪಾನೀ ಮಿಲ್ತಾ ಹೈ, ಮಾಲಿಕ್ ಕೋ ನಹೀಂ.’ ಈ ಮನೆಯಲ್ಲಿ ಅತಿಥಿಗೆ ನೀರು ಸಿಗುತ್ತದೆ, ಯಜಮಾನನಿಗಲ್ಲ. ಅವನು ನೀರು ಕುಡಿದು ತಂಬಿಗೆ ಕೆಳಗಿಟ್ಟು ತಲೆ ತಗ್ಗಿಸಿ ಗಾಡಿ ಹತ್ತಿದ. ಅವಳು ಒಳಗೆ ಹೋಗಿ ಹುಡುಗಿಯರಿಗೆ ಪಾಠ ಮುಂದುವರಿಸಿದಳು. ನೀವು ನನ್ನನ್ನು ಎಬ್ಬಿಸಿಕೊಂಡು ಹೊರಟಿರಲ್ಲ, ಆಮೇಲೆ ಇದೆಲ್ಲ ಇತ್ತು. ಕೂಡಿ ಬಾಳ್ವೆ ಎಲ್ಲಿಯೂ ಇರಲಿಲ್ಲ.

ನಾನು ಜೋಯಾಗೆ ಹಿಂದಕ್ಕೆ ತಿರುಗಿಸು ಎಂದೆ. ನಾಲ್ಕು ಸಲ ನೋಡಿದೆ. ಐದನೆಯ ಸಲಕ್ಕೆ ಶಹನಾಜ ಫೋನು ಕಸಿದುಕೊಂಡು ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಅಳು ಬರಲಿಲ್ಲ. ನಲವತ್ತು ವರ್ಷದ ಸಿಟ್ಟು ಒಟ್ಟಿಗೆ ಬಂತು.

ನಿಮ್ಮ ಪರವಾಗಿ ಒಂದು ಮಾತು ಇದೆ, ಅದನ್ನೂ ಮುಚ್ಚಿಡುವುದಿಲ್ಲ. ಕಾದಂಬರಿಯಲ್ಲಿ ಕೊನೆ ಬೇರೆಯಂತೆ. ಅದರಲ್ಲಿ ತರುಲತಾ ಗಂಡನ ಕಾಲಿಗೆ ಬಿದ್ದು ಅದೇ ಗಾಡಿಯಲ್ಲಿ ತಿರುಗಿ ಹೋಗುತ್ತಾಳೆ ಎಂದು ಜೋಯಾ ಹೇಳಿದಳು, ಕೊನೆಯ ಪುಟ ಓದಿ ತೋರಿಸಿದಳು. ‘ನಾನು ಪುಸ್ತಕದಲ್ಲಿದ್ದದ್ದನ್ನೇ ಹೇಳಿದೆ’ ಎಂದು ನೀವು ವಾದಿಸಬಹುದು. ವಾದಿಸಬೇಡಿ. ನೀವು ಆಯುಷ್ಯದಲ್ಲಿ ಸಂಬಳದ ಚೀಟಿ ಬಿಟ್ಟು ಏನನ್ನೂ ಓದಿದವರಲ್ಲ. ಪುಸ್ತಕದವನು ಅವಳನ್ನು ಕಾಲಿಗೆ ಬೀಳಿಸಿದ. ಸಿನಿಮಾದವರು, ಆ ಹಳೆಯ ಕಾಲದಲ್ಲೇ, ಅವಳನ್ನು ಎಬ್ಬಿಸಿ ನಿಲ್ಲಿಸಿದರು. ನೀವು ಡೇರೆಯಲ್ಲಿ ಕೂತು ಮತ್ತೆ ಬೀಳಿಸಿದಿರಿ, ಜೊತೆಗೆ ನನ್ನನ್ನೂ.

ಆಗ ನನಗೆ ಹನ್ನೊಂದು ವರ್ಷದ ಹಿಂದೆ ನನ್ನ ಅವ್ವ ಸತ್ತದ್ದೂ ನೆನಪಾಯಿತು. ಇಂದೂರಿನಿಂದ ಸುದ್ದಿ ಬಂದದ್ದು ನಿಮ್ಮ ಫೋನಿಗೆ. ಮನೆಯಲ್ಲಿ ನಿಮ್ಮ ತಂಗಿಯ ಮಗನ ಜವಳದ ಊಟ ಇತ್ತು. ಎರಡು ದಿನ ನೀವು ಬಾಯಿ ಬಿಡಲಿಲ್ಲ. ನಾನು ಹೋಳಿಗೆ ತಟ್ಟುತ್ತ, ಮಂದಿಗೆ ಬಡಿಸುತ್ತ ನಗುನಗುತ್ತ ಇದ್ದೆ, ಆ ಹೊತ್ತಿಗೆ ಅವ್ವನನ್ನು ಮಣ್ಣು ಮಾಡಿ ಆಗಿತ್ತು. ಕೇಳಿದ್ದಕ್ಕೆ, ‘ಹೇಳಿದ್ರ ಅಳಕೋಂತ ಕೂಡತಿದ್ದಿ, ಮನ್ಯಾಗ ಮಂದಿ ಇದ್ರು’ ಎಂದಿರಿ. ಅವತ್ತು ಇಂದೂರಿಗೆ ಹೋದವಳು ತಿರುಗಿ ಬರಲಿಲ್ಲ. ಯಾಕೆಂದು ನೀವು ಎಲ್ಲರ ಮುಂದೆ ಕೇಳುತ್ತಿದ್ದಿರಿ, ಅಷ್ಟು ಸಣ್ಣ ಮಾತಿಗೆ ಯಾರಾದರೂ ಮನೆ ಬಿಡುತ್ತಾರೆಯೇ ಎಂದು. ಹೊರಗಿನಿಂದ ನನಗೆ ಬರಬೇಕಾದ ಮಾತೆಲ್ಲ ನಿಮ್ಮ ಬಾಯಿಯಿಂದಲೇ ಬರಬೇಕಿತ್ತು, ಬರುವಾಗ ನಿಮಗೆ ಬೇಕಾದ ಹಾಗೆ ತಿರುಗಿ ಬರುತ್ತಿತ್ತು. ಇದು ಸಣ್ಣ ಮಾತಲ್ಲ.

ಇಷ್ಟು ಬೈದವಳು ನನ್ನದನ್ನೂ ಹೇಳಬೇಕು. ಸುಮಿತಾ ಸಣ್ಣವಳಿದ್ದಾಗ ಕರೆಂಟು ಹೋದಾಗಲೆಲ್ಲ ತರುಲತಾಳ ಕಥೆ ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ, ನೀವು ಹೇಳಿದ ಹಾಗೆಯೇ, ಕಾಲಿಗೆ ನೀರು, ತಪ್ಪು ನನ್ನದು, ಕೂಡಿ ಬಾಳ್ವೆ. ನಿಮ್ಮ ಸುಳ್ಳನ್ನು ಮಗಳಿಗೆ ತುತ್ತು ಮಾಡಿ ಉಣ್ಣಿಸಿದವಳು ನಾನೇ. ಎರಡು ವರ್ಷದ ಹಿಂದೆ ಅವಳು ಮೊದಲ ಸಲ ಅಳುತ್ತ ಫೋನು ಮಾಡಿದಾಗಲೂ, ‘ಒಂದ ತಂಬಿಗಿ ನೀರ ಕೊಟ್ಟ ಸಮಾಧಾನದಿಂದ ಮಾತಾಡ್ಸವ್ವಾ, ಸರಿ ಹೋಗತಾನ’ ಎಂದೆ. ನಾನು ಬಿಟ್ಟು ಬಂದವಳು, ಆದರೂ ಮಗಳಿಗೆ ಹೇಳುವಾಗ ಬಾಯಿಗೆ ಬಂದದ್ದು ಅದೇ. ಅವಳು ಎರಡು ವರ್ಷ ನೀರು ಕೊಟ್ಟಳು. ಆ ಎರಡು ವರ್ಷದ ಪಾಪ ನನ್ನದು, ಅದರಲ್ಲಿ ನಿಮಗೆ ಪಾಲು ಕೊಡುವುದಿಲ್ಲ.

ಆ ಸಿನಿಮಾದ ರಾತ್ರಿ ನಾನು ನಿಜ ತಿಳಿದು ಅಣ್ಣನ ಜೊತೆ ಹೋಗಿದ್ದರೆ ಸುಮಿತಾ ಹುಟ್ಟುತ್ತಿರಲಿಲ್ಲ. ಇದನ್ನೂ ಯೋಚಿಸಿದ್ದೇನೆ. ನಿಮ್ಮ ಸುಳ್ಳಿನಿಂದ ನನಗೆ ಬಂದ ಒಳ್ಳೆಯದು ಅವಳೊಬ್ಬಳೇ. ಅದಕ್ಕಾಗಿಯೇ ಅವಳನ್ನು ಅದೇ ಸುಳ್ಳಿಗೆ ಒಪ್ಪಿಸಲಾರೆ.

ಆದ್ದರಿಂದ ಕೇಳಿರಿ. ಭಾನುವಾರದ ಬೈಠಕ್ಕಿಗೆ ಸುಮಿತಾ ಬರುವುದಿಲ್ಲ. ನಾನು ಬರುತ್ತೇನೆ. ಬೆಳಿಗ್ಗೆಯ ಬಸ್ಸಿಗೆ ಹಳಿಯಾಳದಲ್ಲಿ ಇಳಿಯುತ್ತೇನೆ, ಹಿರಿಯರ ಎದುರಿಗೆ ಕೂರುತ್ತೇನೆ, ತಲೆಯ ಮೇಲೆ ಸೆರಗು ಇರುತ್ತದೆ, ಬಾಯಿಯ ಮೇಲೆ ಇರುವುದಿಲ್ಲ. ‘ಆಕಿಗೇನ ತಿಳಿತೈತಿ’ ಎಂದು ನೀವು ಎಂದಿನಂತೆ ಶುರು ಮಾಡಿದರೆ, ಫೋನಿನಲ್ಲಿ ತರುಲತಾಳನ್ನು ಹಾಕಿ ಎಲ್ಲರಿಗೂ ತೋರಿಸುತ್ತೇನೆ, ಕನ್ನಡದಲ್ಲಿ ಅರ್ಥವನ್ನೂ ನಾನೇ ಹೇಳುತ್ತೇನೆ. ಅರ್ಜಿಯ ಮೇಲೆ ಕಳ್ಳಸಹಿ ಮಾಡಿದವನು ಮೊದಲು ಎಲ್ಲರ ಎದುರಿಗೆ ಒಪ್ಪಿಕೊಳ್ಳಲಿ. ಮಗಳ ಪರವಾಗಿ ಮಾತಾಡಲು ತಾಯಿ ಇದ್ದಾಳೆ. ನೀವು ಕೊಟ್ಟ ಮಾತನ್ನು ನೀವೇ ಹೋಗಿ ತಿರುಗಿ ತೆಗೆದುಕೊಳ್ಳಿರಿ, ಇಲ್ಲವಾದರೆ ಎಲ್ಲರ ಮುಂದೆ ನಾನು ತೆಗೆದುಕೊಳ್ಳುತ್ತೇನೆ.

ಸಿಟ್ಟಿನಲ್ಲಿಯೂ ಒಂದು ಮಾತು. ನಿಮ್ಮ ಕೆಮ್ಮು ಜೋರಾಗಿದೆಯೆಂದು ತಾರಿಕ ಹೇಳಿದ. ಸರಕಾರಿ ದವಾಖಾನೆಗೆ ತೋರಿಸಿಕೊಳ್ಳಿರಿ, ಬೀಡಿ ಬಿಡಿರಿ. ಇದನ್ನು ಹೇಳಿದೆನೆಂದು ತಿರುಗಿ ಬರುತ್ತೇನೆಂದು ತಿಳಿಯಬೇಡಿ.

ಇಂತು ನಿಮ್ಮ ಮಾತನ್ನು ಇನ್ನು ನಂಬದ,
ಗೋದುಬಾಯಿ

ತಾ.ಕ.: ಅಪ್ಪಾ, ಇದನ್ನು ಬರೆಯುತ್ತಿರುವವಳು ಸುಮಿತಾ. ಅವ್ವನಿಗೆ ತನ್ನ ಹೆಸರಿನ ಸಹಿ ಬಿಟ್ಟು ಬೇರೆ ಬರೆಯಲು ಬಾರದೆಂದು ನಿಮಗೆ ಗೊತ್ತು. ಎರಡನೆಯ ಸಾಲಿಗೇ ನನ್ನ ಅಕ್ಷರ ಗುರುತಿಸಿ ನಾನೆಲ್ಲಿದ್ದೇನೆಂದು ತಿಳಿದಿರುತ್ತೀರಿ. ‘ಆಕಿ ಎಲ್ಲಿದ್ದಾಳ ಹೇಳೂದಿಲ್ಲ ಅಂತ ಬರಿ’ ಎಂದು ಅವ್ವ ನನ್ನ ಕೈಯಿಂದಲೇ ಬರೆಸಿದಾಗ ನಗು ತಡೆಯಲಾಗಲಿಲ್ಲ. ಯಾಕೆ ನಗತಿ ಎಂದು ಬೈದಳು. ಆ ಶುಕ್ರವಾರ ಅಂಗಡಿಯಲ್ಲಿ ನಾವು ನಾಲ್ವರಿದ್ದೆವು. ಶಹನಾಜ ಮೌಸಿಯ ಹೆಗಲಿಗೆ ಒರಗಿದ ಅವ್ವನ ಕೈ ನನ್ನ ಕೈಯಲ್ಲಿತ್ತು.

ಅವಳು ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಬರೆದಿದ್ದೇನೆ. ಏಲಕ್ಕಿಯ ವಾಸನೆಯ ಮಾತನ್ನು ಎರಡು ಸಲ ಹೊಡೆದು ಹಾಕು ಎಂದಳು. ನಾನು ಹೊಡೆದು ಹಾಕಲಿಲ್ಲ. ಅದನ್ನೂ ನೀವು ಓದಬೇಕು.

ಒಂದು ಕಡೆ ಮಾತ್ರ ನಾನು ಅವಳ ಮಾತಿಗೆ ಒಪ್ಪುವುದಿಲ್ಲ. ಭಾನುವಾರ ನಾನು ಬರುತ್ತೇನೆ. ಶರಣಬಸವ ನನ್ನ ಹೆಸರಿನಲ್ಲಿ ಅರ್ಜಿ ಬರೆದ, ನೀವು ನನ್ನ ಹೆಸರಿನಲ್ಲಿ ಮಾತು ಕೊಟ್ಟಿರಿ, ಈಗ ಅವ್ವ ನನ್ನ ಬದಲು ಮಾತಾಡುತ್ತೇನೆ ಎನ್ನುತ್ತಾಳೆ. ಇದನ್ನು ಅವಳಿಗೆ ಓದಿ ಹೇಳಿದೆ. ಮುಖ ತಿರುಗಿಸಿ ಒಂದು ಕಟ್ಟು ಸೊಪ್ಪು ಬಿಡಿಸಿದಳು. ಆಮೇಲೆ ಪೆನ್ನು ಇಸಿದುಕೊಂಡು ಮೇಲೆ ಸಹಿ ಮಾಡಿದಳು. ಅವಳು ನನ್ನ ಪಕ್ಕದಲ್ಲಿ ಸುಮ್ಮನೆ ಕೂರುತ್ತಾಳೆ. ನೀವೂ ಬನ್ನಿರಿ, ಸುಮ್ಮನೆ ಕೂರಿರಿ. ನಾನು ಮಾತಾಡುತ್ತೇನೆ.

ಸುಮಿತಾ